ಇಳಿವಯಸ್ಸಿನ ದನಿ

ಬ್ಯಾಂಕಿನ ಕೆಲಸದಲ್ಲಿರುವವರಿಗೆ ನವೆಂಬರ್ ತಿಂಗಳೆಂದರೆ ವೃದ್ಧರ ತಿಂಗಳು. ನಿವೃತ್ತಿವೇತನ ಪಡೆಯುವವರು ತಾವು ಬದುಕಿರುವ ಬಗ್ಗೆ ಪ್ರಮಾಣಪತ್ರ ಕೊಡಲು ಬರುವರು. ನಡುಗುವ ಕೈಯ ರುಜು ಹಳೆಯ ಮಾದರಿಗೆ ಹೊಂದದಿದ್ದರೆ ಹೊಸ ಮಾದರಿಯನ್ನು ಪಡೆದಿಡುವುದುಂಟು. ದನಿ ಬದಲಾದುದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ‘ವಯಸ್ಸಾಯಿತು’ ಎಂಬ ಒಂದೇ ಮಾತಿನಲ್ಲಿ ಮನೆಯವರೂ, ಬಹುಮಟ್ಟಿಗೆ ಆ ವೃದ್ಧರೂ, ವಿಚಾರವನ್ನು ಮುಗಿಸಿಬಿಡುವರು. ಆ ಮಾತು ಎಷ್ಟರಮಟ್ಟಿಗೆ ನಿಜ, ಎಲ್ಲಿ ಅಪಾಯಕರ ಎಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಕೊರಳಿನ ಧ್ವನಿಪೆಟ್ಟಿಗೆಯೊಳಗೆ ಎರಡು ಧ್ವನಿತಂತುಗಳಿವೆ. ರೂಢಿಯಲ್ಲಿ ತಂತುಗಳೆಂದರೂ ಅವು ಸ್ನಾಯುವಿನ ಮೇಲೆ ತೆಳುಪೊರೆ ಹೊದೆದ ಎರಡು ಮಡಿಕೆಗಳು. ಪುಪ್ಪುಸದಿಂದ ಮೇಲೇಳುವ ಉಸಿರು ಅವುಗಳ ನಡುವೆ ಹಾಯುವಾಗ ಅವು ಕಂಪಿಸುತ್ತವೆ: ಪ್ರಾಯದ ಗಂಡಸಿನಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸಿನಲ್ಲಿ 200ರ ಆಸುಪಾಸು. ವಯಸ್ಸು ಏರಿದಂತೆ ಆ ಸ್ನಾಯು ಕೃಶವಾಗುತ್ತದೆ. ಸುತ್ತಲಿನ ಮೃದ್ವಸ್ಥಿಗಳು ಎಲುಬಿನಂತೆ ಗಟ್ಟಿಯಾಗುತ್ತವೆ. ಪೊರೆಯ ತೇವ ಕುಗ್ಗುತ್ತದೆ. ಮಡಿಕೆಗಳು ಬಿಲ್ಲಿನಂತೆ ಬಾಗಿ, ಕೂಡಬೇಕಾದಲ್ಲಿ ಕೂಡದೆ, ನಡುವೆ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಸೋರುವ ಉಸಿರಿನಿಂದಲೇ ಮುಪ್ಪಿನ ದನಿ ಕ್ಷೀಣವಾಗಿ, ಗಾಳಿ ಬೆರೆತಂತೆ ಕೇಳಿಸುವುದು. ವಿಚಿತ್ರವೆಂದರೆ ಗಂಡಸರ ಶ್ರುತಿ ತುಸು ಏರುತ್ತದೆ. ಮುಟ್ಟು ನಿಂತ ಬಳಿಕ ಹೆಂಗಸರದು ಇಳಿಯುತ್ತದೆ. ದೂರವಾಣಿಯಲ್ಲಿ ಅಜ್ಜ ಅಜ್ಜಿಯರನ್ನು ಅದಲುಬದಲಾಗಿ ತಿಳಿಯುವವರು ತಮ್ಮ ಕಿವಿಯನ್ನು ದೂರಬೇಕಾಗಿಲ್ಲ.

ಹಾಡುಗಾರರಿಗೆ ಈ ಬದಲಾವಣೆ ಎಲ್ಲರಿಗಿಂತ ಮೊದಲು ತಿಳಿಯುತ್ತದೆ. ಕರಿ ಎರಡರಲ್ಲಿ ಹಾಡುತ್ತಿದ್ದವರು ಕರಿ ಒಂದಕ್ಕೆ ಇಳಿಯುವರು. ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು (1910-1992) ಮುಂಬಯಿಯಲ್ಲಿ ಮಂಜೀಖಾನರಿಂದ ಜಯಪುರ ಘರಾಣೆಯ ಪಾಠ ಪಡೆದು, ಗುರುಗಳು 1937ರಲ್ಲಿ ತೀರಿಕೊಂಡ ಮೇಲೆ ಅವರ ತಮ್ಮ ಭುರ್ಜೀಖಾನರಲ್ಲಿ ಕಲಿಕೆಯನ್ನು ಮುಂದುವರಿಸಿದರು. ಎಪ್ಪತ್ತು ದಾಟಿದ ಮೇಲಿನ ಅವರ ಧ್ವನಿಮುದ್ರಿಕೆಗಳಲ್ಲಿ ಕಂಠ ಒಣಗಿದೆ, ರಾಗ ಒಣಗಿಲ್ಲ; ಉಸಿರನ್ನು ಎಲ್ಲಿ ಖರ್ಚು ಮಾಡಬೇಕು, ಎಲ್ಲಿ ಉಳಿಸಬೇಕು ಎಂಬುದು ಅವರಿಗೆ ತಿಳಿದಿತ್ತು. ಈ ಸೋದರರ ತಂದೆ ಅಲ್ಲಾದಿಯಾಖಾನರು (1855-1946) ಪ್ರಾಯದಲ್ಲಿಯೇ ಅತಿಯಾಗಿ ಹಾಡಿ ದನಿಯನ್ನು ಕಳೆದುಕೊಂಡರು. ಹಿಂದಿನ ಮಾಧುರ್ಯ ಮರಳದಿದ್ದಾಗ ಲಯದ ಹೆಣಿಗೆಯನ್ನು ನಂಬಿ ಹೊಸ ಶೈಲಿಯನ್ನು ಕಟ್ಟಿದರೆಂದು ಪರಂಪರೆ ಹೇಳುತ್ತದೆ. ಅವರ ಕೊನೆಯ ವರ್ಷಗಳು ಕಳೆದುದು ಈ ನಗರದಲ್ಲಿಯೇ. ಗಂಗೂಬಾಯಿ ಹಾನಗಲ್ಲರ (1913-2009) ಗಂಡುದನಿಯನ್ನು ಮುಪ್ಪಿನ ಲಕ್ಷಣಕ್ಕೆ ಉದಾಹರಣೆಯಾಗಿ ಕೊಡುವವರಿದ್ದಾರೆ, ಅದು ಸರಿಯಲ್ಲ. ಅವರ ಮೊದಲ ಮುದ್ರಿಕೆಗಳಲ್ಲಿ ಕೇಳುವುದು ತೆಳುವಾದ ಏರುದನಿ. ಗಂಟಲಿನ ತೊಂದರೆಯಿಂದ ಅದು ಮುಪ್ಪಿಗೆ ಬಹಳ ಮೊದಲೇ ಬದಲಾಗಿತ್ತು.

ಇಲ್ಲಿಯೇ ಎಚ್ಚರ ಬೇಕು. ವಯಸ್ಸು ದನಿಯನ್ನು ಬದಲಿಸುವುದು ವರ್ಷಗಳ ಅವಧಿಯಲ್ಲಿ. ವಾರಗಳಲ್ಲಿ ಒಡೆದ ದನಿಗೆ ಬೇರೆ ಕಾರಣವಿರುತ್ತದೆ. ಕಂಪವಾತದಲ್ಲಿ ದನಿ ಮೆದುವಾಗಿ ಏರಿಳಿತವಿಲ್ಲದಂತಾಗುತ್ತದೆ. ನರದ ದೌರ್ಬಲ್ಯದಿಂದ ಒಂದು ಮಡಿಕೆ ಚಲಿಸದಿರಬಹುದು. ಬೀಡಿ ಸಿಗರೇಟು ಸೇದಿದವರಲ್ಲಿ ಅರ್ಬುದರೋಗದ ಶಂಕೆಯನ್ನು ಮೊದಲು ನಿವಾರಿಸಿಕೊಳ್ಳಬೇಕು. ಧ್ವನಿತಂತುವಿನ ಮೇಲೆ ಹುಟ್ಟುವ ಅರ್ಬುದವು ಆರಂಭದಲ್ಲಿಯೇ ದನಿಯನ್ನು ಒಡೆದು ಸೂಚನೆ ಕೊಡುತ್ತದೆ. ಆಗಲೇ ಕಂಡುಹಿಡಿದರೆ ಬಹುತೇಕ ಕಿರಣಚಿಕಿತ್ಸೆಯಿಂದಲೇ ಗುಣವಾಗಿ ದನಿಯೂ ಉಳಿಯುತ್ತದೆ. ಗಮಕ ಓದುತ್ತಿದ್ದ ನಮ್ಮ ಹಿರಿಯ ಮಿತ್ರರೊಬ್ಬರು ಎಂಟು ತಿಂಗಳನ್ನು ಶುಂಠಿ ಕಷಾಯ, ಜ್ಯೇಷ್ಠಮಧುಗಳಲ್ಲಿ ಕಳೆದರು. ‘ಎಪ್ಪತ್ತೆರಡಕ್ಕೆ ಇನ್ನೆಂಥ ಕಂಠ’ ಎಂದು ನಾವೂ ನಕ್ಕಿದ್ದೆವು. 1941ರಿಂದ ಪರೇಲಿನಲ್ಲಿರುವ ಟಾಟಾ ಆಸ್ಪತ್ರೆಗೆ ಅವರು ಹೋಗುವ ಹೊತ್ತಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾದ ಸ್ಥಿತಿ ಬಂದಿತ್ತು. ಮೂರು ವಾರ ಮೀರಿದ ಗೊಗ್ಗರುದನಿಯನ್ನು ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಲೇಬೇಕು. ಸಣ್ಣ ನಳಿಕೆಯ ಮೂಲಕ ಮಡಿಕೆಗಳನ್ನು ನೋಡಲು ಅವರಿಗೆ ಕೆಲವೇ ನಿಮಿಷ ಸಾಕು.

ರೋಗವಿಲ್ಲದೆ ಬರಿಯ ಮುಪ್ಪೇ ಕಾರಣವಾದರೂ ಉಪಾಯಗಳಿವೆ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ವಾಕ್ ಶ್ರವಣ ಸಂಸ್ಥೆಯಂತೆ ಮುಂಬಯಿಯ ನಾಯರ್ ಆಸ್ಪತ್ರೆಯಲ್ಲಿಯೂ ಆ ದಶಕದಿಂದಲೇ ವಾಕ್‌ಚಿಕಿತ್ಸೆಯ ಶಿಕ್ಷಣ ನಡೆದುಬಂದಿದೆ. ಸಣ್ಣ ಕೊಳವೆಯನ್ನು ತುಟಿಗಳಲ್ಲಿ ಹಿಡಿದು ಅದರೊಳಗೆ ದನಿಗೂಡಿಸಿ ಊದುವುದು, ಉಸಿರಿನ ಅಭ್ಯಾಸ, ದಿನವೂ ತುಸು ಹೊತ್ತು ಗಟ್ಟಿಯಾಗಿ ಓದುವುದು, ಸಾಕಷ್ಟು ನೀರು ಕುಡಿಯುವುದು ಇವು ಸಾಮಾನ್ಯ ಕ್ರಮಗಳು. ಸಂದು ಹೆಚ್ಚಾಗಿದ್ದರೆ ಮಡಿಕೆಯನ್ನು ನಡುವಿಗೆ ತಳ್ಳುವ ಶಸ್ತ್ರಚಿಕಿತ್ಸೆಯುಂಟು. ಜಪಾನಿನ ಇಸ್ಶಿಕಿಯವರು 1974ರಲ್ಲಿ ಅದರ ವಿಧಾನಗಳನ್ನು ವಿವರಿಸಿದರು. ಕಿವಿ ಮಂದವಾದವರು ಕೂಗಿ ಕೂಗಿ ಕಂಠವನ್ನು ದಣಿಸಿಕೊಳ್ಳುವುದರಿಂದ ಶ್ರವಣಯಂತ್ರವೂ ದನಿಗೆ ಔಷಧವೇ.

ನಮ್ಮ ಮಿತ್ರರು ಈಗ ಅನ್ನನಾಳದ ಗಾಳಿಯಿಂದ ಮಾತನಾಡಲು ಕಲಿಯುತ್ತಿದ್ದಾರೆ. ಕಳೆದ ಸಭೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿದರು.