ನೂರು ವಾಟಿನ ಆಂಪು, ಹತ್ತಡಿ ಕೋಣೆ

‘ಸ್ವಲ್ಪ ಸೌಂಡ್ ಕಮ್ಮಿ ಮಾಡ್ಕೊಳಪ್ಪಾ’ ಎಂದು ಪಕ್ಕದ ಮನೆಯವರು ಕೇಳಿದರೆ ಟ್ಯೂಬ್ ಆಂಪ್ (ಆಂಪ್ಲಿಫೈಯರ್) ಇಟ್ಟುಕೊಂಡ ಗಿಟಾರಿಸ್ಟ್ ಇಕ್ಕಟ್ಟಿಗೆ ಬೀಳುತ್ತಾನೆ. ಗುಂಡಿ ತಿರುಗಿಸಿದರೆ ಶಬ್ದ ತಗ್ಗುತ್ತದೆ, ನಿಜ. ಆದರೆ ಯಾವ ದನಿಗಾಗಿ ಅಷ್ಟು ದುಡ್ಡು ಸುರಿದಿದ್ದನೋ ಅದೂ ಅದರ ಜೊತೆಗೇ ಹೋಗುತ್ತದೆ.

ವಾಲ್ವ್ ರೇಡಿಯೊ ಕಂಡವರಿಗೆ ಈ ಟ್ಯೂಬ್ ಹೊಸದಲ್ಲ. ಸ್ವಿಚ್ ಹಾಕಿ, ಗಾಜಿನ ಬುರುಡೆಗಳು ಕೆಂಪಗೆ ಕಾಯುವ ತನಕ ತಾಳ್ಮೆಯಿಂದ ಕೂತು, ಆಮೇಲೆ ಆಕಾಶವಾಣಿ ಕೇಳುತ್ತಿದ್ದೆವಲ್ಲ, ಅದೇ ವಾಲ್ವ್. ರೇಡಿಯೊದಲ್ಲಿ ದನಿ ಒಡೆಯಬಾರದೆಂದು ಅದನ್ನು ಹದವಾಗಿ ದುಡಿಸುತ್ತಿದ್ದರು. ಗಿಟಾರಿಸ್ಟನಿಗೆ ದನಿ ಒಡೆಯುವುದೇ ಬೇಕು. ವಾಲ್ವ್ ತನ್ನ ಮಿತಿ ಮುಟ್ಟಿದಾಗ ಅಲೆಗಳ ತುದಿ ಚಪ್ಪಟೆಯಾಗುತ್ತದೆ, ಹೊಸ ಹಾರ್ಮೋನಿಕ್‌ಗಳು ಹುಟ್ಟುತ್ತವೆ, ಸ್ವರ ದಪ್ಪಗಾಗಿ ಬಹಳ ಹೊತ್ತು ನಿಲ್ಲುತ್ತದೆ. 1966ರಲ್ಲಿ ಗಿಟಾರಿಸ್ಟ್ ಎರಿಕ್ ಕ್ಲಾಪ್ಟನ್ ಜಾನ್ ಮೇಯಲ್ ತಂಡದೊಂದಿಗೆ ಲಂಡನ್ನಿನ ಡೆಕ್ಕಾ ಸ್ಟುಡಿಯೊಗೆ ಹೋದಾಗ, ವೇದಿಕೆಯಲ್ಲಿ ನುಡಿಸುವಷ್ಟೇ ಜೋರಾಗಿ ನುಡಿಸುತ್ತೇನೆಂದು ಹಟ ಹಿಡಿದದ್ದು ಇದಕ್ಕೇ.

ಇಷ್ಟು ಗದ್ದಲದ ಯಂತ್ರ ಹುಟ್ಟಿದ್ದಾದರೂ ಏಕೆ? ಅರವತ್ತರ ದಶಕದ ಸಭಾಂಗಣಗಳಲ್ಲಿ ಧ್ವನಿವರ್ಧಕ ಬಹುಮಟ್ಟಿಗೆ ಹಾಡುವವರ ಗಂಟಲಿಗೇ ಮೀಸಲು. ಗಿಟಾರು ಹಿಂದಿನ ಸಾಲಿಗೂ ಕೇಳಬೇಕಾದರೆ ಆ ಹೊರೆಯೆಲ್ಲ ಆಂಪಿನದೇ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ನಡೆಸುತ್ತಿದ್ದ ಜಿಮ್ ಮಾರ್ಷಲ್ 1962ರಲ್ಲಿ ಅಮೆರಿಕದ ಫೆಂಡರ್ ಬಾಸ್‌ಮನ್ ಆಂಪನ್ನು ಮಾದರಿಯಾಗಿಟ್ಟುಕೊಂಡು ತಮ್ಮ ಮೊದಲ ಆಂಪ್ ಮಾಡಿಸಿದರು. ಇನ್ನೂ ಜೋರು ಬೇಕೆಂದು ‘ದಿ ಹೂ’ ತಂಡದ ಪೀಟ್ ಟೌನ್‌ಶೆಂಡ್ ಬೆನ್ನು ಹತ್ತಿದರು; 1965ರ ಹೊತ್ತಿಗೆ 100 ವಾಟಿನದು ಬಂತು. ಅದೇ ಟೌನ್‌ಶೆಂಡ್ ಮುಂದೆ ತಮ್ಮ ಕಿವಿ ಮಂದವಾದದ್ದನ್ನು ಊರಿಗೆಲ್ಲ ಹೇಳಿಕೊಂಡರು, ಸ್ಟುಡಿಯೊದ ಹೆಡ್‌ಫೋನನ್ನೂ ಅದಕ್ಕೆ ದೂರಿದರು. ಈಗ ಆಂಪಿನ ಮುಂದೆ ಮೈಕ್ ಇಟ್ಟರೆ ಮೈದಾನಕ್ಕೇ ಕೇಳಿಸಬಹುದು. ಆದರೂ ದೊಡ್ಡ ಪೆಟ್ಟಿಗೆಯ ವ್ಯಾಮೋಹ ಬಿಟ್ಟಿಲ್ಲ.

ವಾಟು ಇಳಿಸಿದರೆ ಶಬ್ದವೂ ಅಷ್ಟೇ ಇಳಿಯುತ್ತದೆ ಎಂದುಕೊಂಡವರು ಮೋಸ ಹೋಗುತ್ತಾರೆ. 100 ವಾಟಿನ ಬದಲು 50 ವಾಟಿನದು ತಂದರೆ ಕಡಿಮೆಯಾಗುವುದು 3 ಡೆಸಿಬೆಲ್, ಅಂದರೆ ‘ಸ್ವಲ್ಪ ತಗ್ಗಿತೇನೋ’ ಅನ್ನಿಸುವಷ್ಟು. ಕಿವಿಗೆ ಅರ್ಧ ಅನ್ನಿಸಬೇಕಾದರೆ 10 ವಾಟಿಗೆ ಇಳಿಯಬೇಕು. ಸೆಲೆಷನ್ ಗ್ರೀನ್‌ಬ್ಯಾಕ್‌ನಂಥ ಗಿಟಾರ್ ಸ್ಪೀಕರಿಗೆ ಒಂದೇ ಒಂದು ವಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ ಸುಮಾರು 98 ಡೆಸಿಬೆಲ್ ಬರುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಇಟ್ಟಿರುವ ಮಿತಿ ಹಗಲು 55, ರಾತ್ರಿ 45. ಗೋಡೆಗೆ ಗೋಡೆ ತಾಗಿದ ಬೆಂಗಳೂರಿನ ಬಾಡಿಗೆ ಮನೆಗಳಲ್ಲಿ ಉಳಿದ ಲೆಕ್ಕ ನೀವೇ ಹಾಕಿಕೊಳ್ಳಿ.

ಹಾಗಾಗಿ ಜನ ನಾನಾ ದಾರಿ ಹುಡುಕಿದರು. ಗಿಟಾರಿಸ್ಟ್ ಎಡ್ಡಿ ವ್ಯಾನ್ ಹೇಲನ್ ವೇರಿಯಾಕ್ ಎಂಬ ಟ್ರಾನ್ಸ್‌ಫಾರ್ಮರ್ ಇಟ್ಟು ತಮ್ಮ ಮಾರ್ಷಲ್ ಆಂಪಿಗೆ ಹೋಗುವ ವೋಲ್ಟೇಜನ್ನೇ ಇಳಿಸಿದರು. ಲೋ ವೋಲ್ಟೇಜ್ ಬಂದರೆ ನಾವು ವಿದ್ಯುತ್ ಇಲಾಖೆಗೆ ಬೈಯುತ್ತೇವೆ, ಆತ ದುಡ್ಡು ಕೊಟ್ಟು ತರಿಸಿಕೊಂಡರು! ವಾಲ್ವಿನ ಹೀಟರಿಗೂ ಕರೆಂಟು ಕಡಿಮೆಯಾಗುವುದರಿಂದ ಇದು ಎಲ್ಲರಿಗೂ ಹೇಳುವ ಉಪಾಯವಲ್ಲ.

ಮಾರ್ಷಲ್ ಕಂಪನಿ 1975ರಲ್ಲಿ ತನ್ನ 100 ವಾಟಿನ ಆಂಪಿಗೆ ಮಾಸ್ಟರ್ ವಾಲ್ಯೂಮ್ ಸೇರಿಸಿತು. ಆಂಪಿನ ಮೊದಲ ಹಂತವಾದ ಪ್ರೀಆಂಪಿನಲ್ಲೇ ದನಿ ಒಡೆಸಿ, ಸ್ಪೀಕರನ್ನು ದುಡಿಸುವ ಪವರ್ ವಾಲ್ವಿಗೆ ಅದನ್ನು ಸ್ವಲ್ಪವೇ ಬಿಡುವ ತಂತ್ರ ಅದು. ದನಿ ಕೊಂಚ ತೆಳು, ಕೊರೆಯುವಂಥದು ಎಂದು ಹಳಬರು ಮೂಗು ಮುರಿಯುತ್ತಾರೆ. ಎಂಬತ್ತರ ದಶಕದ ಹೆವಿ ಮೆಟಲ್ ನಿಂತದ್ದೇ ಆ ದನಿಯ ಮೇಲೆ ಎಂಬುದನ್ನು ಮರೆಯುತ್ತಾರೆ.

ಪವರ್ ವಾಲ್ವನ್ನೂ ಬೆವರಿಸಿ, ಕಿವಿಯನ್ನೂ ಉಳಿಸಿಕೊಳ್ಳಬೇಕೆಂದರೆ ಅಟೆನ್ಯುಯೇಟರ್ ಬೇಕು. ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಪೋಲರಾಯ್ಡ್ ಕಂಪನಿಯಲ್ಲಿದ್ದ, ‘ಬೋಸ್ಟನ್’ ತಂಡದ ಟಾಮ್ ಶೋಲ್ಜ್ ‘ಪವರ್ ಸೋಕ್’ ಎಂಬ ಪೆಟ್ಟಿಗೆಯನ್ನು 1980ರ ಹೊತ್ತಿಗೆ ಮಾರುಕಟ್ಟೆಗೆ ತಂದು ಇದನ್ನು ಜನಪ್ರಿಯಗೊಳಿಸಿದರು. ಆಂಪ್ ಮತ್ತು ಸ್ಪೀಕರಿನ ನಡುವೆ ಕೂತು, ಬಂದ ಶಕ್ತಿಯ ಬಹುಪಾಲನ್ನು ಶಾಖವಾಗಿಸಿ ಹೊರಹಾಕುವುದಷ್ಟೇ ಅದರ ಕೆಲಸ. ತೀರಾ ಇಳಿಸಿದರೆ ದನಿ ಮಂಕಾಗುತ್ತದೆ ಎಂಬ ದೂರಿದೆ. ಅದರಲ್ಲಿ ಒಂದಿಷ್ಟು ಪೆಟ್ಟಿಗೆಯದು, ಒಂದಿಷ್ಟು ನಮ್ಮ ಕಿವಿಯದು. ಶಬ್ದ ತಗ್ಗಿದಂತೆ ಕಿವಿ ಮಂದ್ರ ಸ್ವರಗಳನ್ನು ಹೆಚ್ಚು ಬಿಟ್ಟುಬಿಡುತ್ತದೆಂದು ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ತೋರಿಸಿದ್ದಾರೆ. ಬಾಸ್ ಗುಂಡಿಯನ್ನು ಒಂದಿಷ್ಟು ಏರಿಸಿದರೆ ಅರ್ಧ ದೂರು ಮಾಯ.

ನಾಲ್ಕು ಪವರ್ ವಾಲ್ವ್‌ಗಳಲ್ಲಿ ಎರಡನ್ನು ಕಿತ್ತರೆ ಸಾಕು ಎನ್ನುವವರೂ ಇದ್ದಾರೆ. ಸಿಗುವುದು ಮತ್ತದೇ 3 ಡೆಸಿಬೆಲ್, ಜೊತೆಗೆ ಸ್ಪೀಕರ್ ಹೊಂದಾಣಿಕೆಯ ತಲೆನೋವು. ಆಂಪಿನ ಒಳಗೆ 400 ವೋಲ್ಟಿಗೂ ಹೆಚ್ಚು ಇರುತ್ತದೆ, ಪ್ಲಗ್ ಕಿತ್ತ ಮೇಲೂ ಕೆಪಾಸಿಟರುಗಳಲ್ಲಿ ಉಳಿದಿರಬಹುದು. ತಿಳಿಯದವರು ಮುಚ್ಚಳ ಬಿಚ್ಚಬಾರದು.

ಇನ್ನೂ ಕೊಳ್ಳದವರಿಗೆ ನನ್ನ ಸಲಹೆ, ಚಿಕ್ಕದನ್ನೇ ಕೊಳ್ಳಿ. ಅದೇ ಕ್ಲಾಪ್ಟನ್ 1970ರ ‘ಲೇಲಾ’ ಆಲ್ಬಮ್ಮಿಗೆ ಬಳಸಿದ್ದು ಪುಟ್ಟ ಫೆಂಡರ್ ಚಾಂಪ್, ಐದು ವಾಟಿನ ಆಸುಪಾಸಿನದು. ದೊಡ್ಡದು ಈಗಾಗಲೇ ಮನೆಯಲ್ಲಿದ್ದರೆ ಒಳ್ಳೆಯ ಅಟೆನ್ಯುಯೇಟರಿಗೆ ಹಣ ಹಾಕಿ. ಅದರ ಓಮ್ ಅಳತೆ ಆಂಪಿನದಕ್ಕೂ ಸ್ಪೀಕರಿನದಕ್ಕೂ ಹೊಂದುತ್ತದೆಯೇ, ನಿಮ್ಮ ಆಂಪಿನಷ್ಟು ವಾಟನ್ನು ಅದು ತಾಳುತ್ತದೆಯೇ ಎಂದು ನೋಡಿಯೇ ತಂತಿ ಸಿಕ್ಕಿಸಿ. ಸದ್ದಾಗದಿರಲೆಂದು ಸ್ಪೀಕರ್ ಕಳಚಿಟ್ಟು ಮಾತ್ರ ಟ್ಯೂಬ್ ಆಂಪ್ ಹಚ್ಚಬೇಡಿ. ಹೊರೆಯಿಲ್ಲದೆ ಓಡಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.