ಗಾಳವಿಲ್ಲದೆ ಏಡಿ ಹಿಡಿಯುವುದು ಹೇಗೆ?

ಏಡಿಯ ಚಿತ್ರ ತೋರಿಸಿದರೆ ಸಾಂಗಲಿ, ಮಿರಜ ಭಾಗದ ನಮ್ಮ ಕನ್ನಡ ಶಾಲೆಗಳ ಅನೇಕ ಮಕ್ಕಳು ತಟ್ಟನೆ 'ಖೇಕಡಾ' ಎನ್ನುತ್ತಾರೆ. ಅದು ತಪ್ಪಲ್ಲ, ಮರಾಠಿ ಅವರ ಓಣಿಯ ಭಾಷೆ. ಆದರೆ 'ಏಡಿ' ಎಂಬ ಪದ ಪರೀಕ್ಷೆಯ ಹಾಳೆಯಲ್ಲಷ್ಟೇ ಉಳಿಯಬಾರದೆಂಬುದು ನಮ್ಮ ಕಳಕಳಿ. ಬಾಲಭಾರತಿಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಒದಗಿಸುತ್ತದೆ. ಆ ಪುಸ್ತಕದ ಮಾತಿಗೆ ಜೀವ ತುಂಬುವ ಹೊಣೆ ಶಿಕ್ಷಕರದು ಮತ್ತು ಪಾಲಕರದು. ಅದಕ್ಕಾಗಿ ರಜೆಯ ಒಂದು ಸಂಜೆಗೆ ಈ ಪಾಠ.

ಬೇಕಾಗುವುದು ಇಷ್ಟೇ: ಎರಡು ಮೀಟರ್ ಗಟ್ಟಿ ದಾರ, ಭಾರಕ್ಕೆ ಒಂದು ಸಣ್ಣ ಕಲ್ಲು, ಕೋಳಿ ಅಥವಾ ಮೀನಿನ ಉಳಿದ ತುಣುಕು, ಹಳೆಯ ಸೊಳ್ಳೆಪರದೆ, ತಂತಿಯ ಬಳೆ ಮತ್ತು ಒಂದು ಕೋಲು. ಬಳೆಗೆ ಪರದೆಯನ್ನು ಚೀಲದಂತೆ ಹೊಲಿದು ಕೋಲಿಗೆ ಕಟ್ಟಿದರೆ ಕೈಬಲೆ ಸಿದ್ಧ. ಮಾಂಸ ಮುಟ್ಟದ ಮನೆಯವರು ಬಟ್ಟೆಯಲ್ಲಿ ಶೇಂಗಾ ಹಿಂಡಿ ಕಟ್ಟಿ ಪ್ರಯತ್ನಿಸಬಹುದು. ಗಾಳದ ಕೊಕ್ಕೆ ಬೇಡವೇ ಬೇಡ.

ಕೊಕ್ಕೆಯಿಲ್ಲದೆ ಏಡಿ ಸಿಗುವುದೆಂತು? ತಲೆಯ ಮುಂಭಾಗದ ಕುಡಿಮೀಸೆಗಳಿಂದ ಅದು ನೀರಿನಲ್ಲಿ ಹರಡಿದ ವಾಸನೆಯನ್ನು ಗ್ರಹಿಸಿ ಬರುತ್ತದೆ, ಇಕ್ಕಳದಂಥ ಮುಂಗಾಲುಗಳಿಂದ ತುಣುಕನ್ನು ಹಿಡಿಯುತ್ತದೆ. ಹಿಡಿದದ್ದನ್ನು ಸುಲಭವಾಗಿ ಬಿಡದು. ದಾರ ಅಲುಗಿದಾಗ ಅವಸರಪಡದೆ ಮೆಲ್ಲಗೆ ಎಳೆಯಬೇಕು. ನೀರಿನ ಮೇಲ್ಮೈಗೆ ಬರುತ್ತಲೇ ಅದು ಕೈಬಿಡುವ ಸಂಭವವಿರುವುದರಿಂದ ಬಲೆಯನ್ನು ಮೊದಲೇ ಕೆಳಗೆ ಒಡ್ಡಿರಬೇಕು.

ಹಿಡಿದ ಏಡಿಯನ್ನು ಹಿಂದಿನಿಂದ, ಬೆನ್ನ ಚಿಪ್ಪಿನ ಎರಡೂ ಅಂಚು ಹಿಡಿದು ಎತ್ತಬೇಕು. ಕಾಲು ಹಿಡಿದು ಎತ್ತಿದರೆ ಅದು ಕಾಲನ್ನೇ ಕಳಚಿಬಿಡಬಹುದು. ಪೊರೆ ಕಳಚುವ ಕಾಲಗಳಲ್ಲಿ ಹೊಸ ಕಾಲು ಮೂಡುತ್ತದೆಯಾದರೂ ಆ ನೋವು ಅನಗತ್ಯ. ಬಕೆಟ್ಟಿನಲ್ಲಿ ಸ್ವಲ್ಪವೇ ನೀರು, ಹಸಿ ಎಲೆ ಇರಲಿ. ಕಿವಿರು ಒದ್ದೆಯಾಗಿರುವವರೆಗೆ ಅದು ಹೊರಗೂ ಉಸಿರಾಡಬಲ್ಲದು.

ಈಗ ಮಗುವಿನಿಂದ ಕಾಲುಗಳನ್ನು ಎಣಿಸಿರಿ: ಇಕ್ಕಳ ಸೇರಿ ಹತ್ತು. ಹೊಟ್ಟೆಯ ಕೆಳಗಿನ ಮಡಿಕೆ ಕಿರಿದಾಗಿದ್ದರೆ ಗಂಡು, ಅಗಲವಾಗಿದ್ದರೆ ಹೆಣ್ಣು. ಸಮುದ್ರದ ಏಡಿಯ ಮೊಟ್ಟೆಯಿಂದ ತೇಲುವ ಮರಿರೂಪ ಹೊರಬಂದರೆ, ನಮ್ಮ ಹಳ್ಳದ ಏಡಿಯ ಮೊಟ್ಟೆಯಿಂದ ನೇರವಾಗಿ ಪುಟ್ಟ ಏಡಿಯೇ ಹೊರಬರುತ್ತದೆ. ತಾಯಿ ಅವುಗಳನ್ನು ಆ ಮಡಿಕೆಯಲ್ಲೇ ಹೊತ್ತು ತಿರುಗುತ್ತದೆ. ಮೊಟ್ಟೆ, ಮರಿ ಕಂಡರೆ ತಕ್ಷಣ ನೀರಿಗೆ ಬಿಡಿರಿ. ಮನೆಗೆ ಒಯ್ಯುವವರು ಪೂರ್ಣವಾಗಿ ಬೇಯಿಸಲೇಬೇಕು. ಅರೆಬೆಂದ ಏಡಿಯಿಂದ ಶ್ವಾಸಕೋಶವನ್ನು ಸೇರುವ ಪರೋಪಜೀವಿ ಹುಳು ತಗಲುವ ಅಪಾಯವಿದೆ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಇದನ್ನು ಕೃಷ್ಣೆಯ ಘಾಟಿನಲ್ಲಿ ಮಾಡಬೇಡಿರಿ. ಸಾಂಗಲಿ ಜಿಲ್ಲೆಯ ಕೃಷ್ಣೆಯಲ್ಲಿ ಮೊಸಳೆಗಳಿವೆ. ಭಿಲವಡಿ, ಔದುಂಬರ ಭಾಗದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಳೆಗಾಲದಲ್ಲಿ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಟ್ಟಾಗ ನದಿ ಏರುತ್ತದೆ. 2005 ಮತ್ತು 2019ರ ಮಹಾಪೂರಗಳನ್ನು ನಾವಾರೂ ಮರೆತಿಲ್ಲ. ಆದ್ದರಿಂದ ಮಳೆ ನಿಂತ ಮೇಲೆ, ನದಿಯಿಂದ ದೂರದ, ಪಾದ ಮುಳುಗುವಷ್ಟು ನೀರಿರುವ ಹಳ್ಳವನ್ನೇ ಆರಿಸಿಕೊಳ್ಳಿರಿ. ದಂಡೆಯ ಒಣ ಬಂಡೆಯ ಮೇಲೆ ಕೂರಿರಿ. ಹಿರಿಯರೊಬ್ಬರು ಮಗುವಿನ ಪಕ್ಕದಲ್ಲೇ ಇರಲಿ. ಬಿಲದೊಳಗೆ ಕೈ ಹಾಕಕೂಡದು. ಅಲ್ಲಿ ಹಾವೂ ಇರಬಹುದು.

ಹೊರಡುವಾಗ ಏಡಿಗಳನ್ನು ಹಿಡಿದಲ್ಲಿಯೇ ಬಿಟ್ಟು, ಮರುದಿನ ಕಂಡದ್ದನ್ನು ಹತ್ತು ಸಾಲುಗಳಲ್ಲಿ ಕನ್ನಡದಲ್ಲಿ ಬರೆಯಲು ಮಗುವಿಗೆ ಹೇಳಿರಿ. ಕಿವಿರು, ಚಿಪ್ಪು, ಪೊರೆ, ಕುಡಿಮೀಸೆ: ಕೈಯಾರೆ ಮುಟ್ಟಿ, ಕಣ್ಣಾರೆ ಕಂಡು ಕಲಿತ ಈ ಪದಗಳನ್ನು ಮಗು ಬಾಯಿಪಾಠ ಮಾಡಬೇಕಾಗದು.