ಬೊಗ್ಗು ಬಾಯಿಯ ನೀರು

ರಾಯಚೂರಿನವರಿಗೆ ಕಲ್ಲಿದ್ದಲು ತುಂಬಿದ ಗೂಡ್ಸ್ ಗಾಡಿ ಹೊಸದಲ್ಲ. ಶಕ್ತಿನಗರದ ಶಾಖೋತ್ಪನ್ನ ಕೇಂದ್ರದಲ್ಲಿ ಉರಿಯುವ ಇದ್ದಲಿನ ಒಂದು ಪಾಲು ತೆಲಂಗಾಣದ ಸಿಂಗರೇಣಿಯದು. ಅದು ಹೊರಡುವ ನೆಲವನ್ನು ನೋಡೋಣವೆಂದು ಗೋದಾವರಿಖನಿಗೆ ಹೋದಾಗ ಮೊದಲು ಕಿವಿಗೆ ಬಿದ್ದ ಮಾತು ‘ಬೊಗ್ಗು ಬಾಯಿ’. ಬೊಗ್ಗು ಎಂದರೆ ಇದ್ದಲು, ಬಾಯಿ ಎಂದರೆ ಬಾವಿ. ಇಲ್ಲಿನ ಜನ ಗಣಿಗೆ ಬಾವಿ ಎನ್ನುತ್ತಾರೆ. ಆಡುಮಾತಿನ ರೂಢಿ ಇರಬೇಕು ಎಂದುಕೊಂಡೆ. ಒಳಗಿಳಿದು ಬಂದ ಮೇಲೆ ಇದಕ್ಕಿಂತ ಸರಿಯಾದ ಹೆಸರು ಇನ್ನೊಂದಿಲ್ಲ ಅನ್ನಿಸಿತು.

ನಾವು ಇಳಿದದ್ದು ಇನ್‌ಕ್ಲೈನ್‌ನಲ್ಲಿ, ಅಂದರೆ ಇಳಿಜಾರು ಸುರಂಗದಲ್ಲಿ. ಬೆಂಕಿಪೊಟ್ಟಣ, ಮೊಬೈಲು ಎಲ್ಲ ಮೇಲೇ ಉಳಿದವು. ತಲೆಗೆ ಟೋಪಿ ದೀಪ, ಕಾಲಿಗೆ ಗಮ್‌ಬೂಟು. ಮುಂದೆ ಕೋಲು ಹಿಡಿದ ಓವರ್‌ಮನ್, ಅಂದರೆ ಗಣಿಯೊಳಗಿನ ಮೇಲ್ವಿಚಾರಕರು. ಅವರು ನಡೆಯುತ್ತಲೇ ಕೋಲಿನಿಂದ ಚಾವಣಿಯನ್ನು ತಟ್ಟಿ ಸದ್ದು ಕೇಳುತ್ತಿದ್ದರು. ಗಟ್ಟಿ ಸದ್ದು ಬಂದರೆ ಸರಿ, ಟೊಳ್ಳು ಸದ್ದು ಬಂದರೆ ಕಲ್ಲು ಬಿರಿದಿದೆ ಎಂದರ್ಥ. ತೆಂಗಿನಕಾಯಿ ಆರಿಸುವವರ ಕಿವಿಯೇ ಇದು.

ಈ ಗಣಿಗಳಿರುವ ಪ್ರಾಣಹಿತಾ–ಗೋದಾವರಿ ಕಣಿವೆ ಭೂಮಿಯ ಹಳೆಯ ಬಿರುಕು. ಎರಡೂ ಬದಿಯ ಸ್ತರಭಂಗಗಳ ನಡುವೆ ನೆಲ ಕುಸಿಯುತ್ತ ಹೋದಂತೆ ನದಿಗಳು ಅದರಲ್ಲಿ ಮರಳನ್ನೂ ಕೆಸರನ್ನೂ ತುಂಬುತ್ತ ಬಂದವು. ಸುಮಾರು 28 ಕೋಟಿ ವರ್ಷಗಳ ಹಿಂದೆ ಇಲ್ಲಿ ಬೆಳೆದ ಜೌಗುಕಾಡು ಮುಳುಗಿ, ಅದುಮಿಹೋಗಿ, ಇದ್ದಲಾಯಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ 1871ರಲ್ಲಿ ಯೆಲ್ಲಂದು ಬಳಿ ಈ ಇದ್ದಲನ್ನು ಗುರುತಿಸಿದರು. 1889ರಿಂದ ಅದು ಮೇಲೆ ಬರುತ್ತಿದೆ.

ಒಂದು ತಿರುವಿನಲ್ಲಿ ಓವರ್‌ಮನ್ ಬೂದುಬಣ್ಣದ ಚಕ್ಕೆಯೊಂದನ್ನು ಎತ್ತಿ ನನ್ನ ದೀಪಕ್ಕೆ ಹಿಡಿದರು. “ನೋಡಿ ಸಾರ್, ಎಲೆ.” ನಾಲಗೆಯಾಕಾರದ ಅಚ್ಚು. ನಡುನರ ಸ್ಪಷ್ಟ, ಅದರ ಎರಡೂ ಕಡೆ ಬಲೆಯಂಥ ಸಣ್ಣ ನರಗಳು. ಗ್ಲಾಸಾಪ್ಟೆರಿಸ್ ಎಂಬ, ಎಂದೋ ಅಳಿದುಹೋದ ಗಿಡದ ಎಲೆ. ಅದನ್ನು ಅಚ್ಚೊತ್ತಿಕೊಂಡ ಆ ನುಣುಪು ಕೆಸರಿಗೆ ಈಗ ಇನ್ನೊಂದು ಕೆಲಸವಿದೆ. ಕಲ್ಲಾಗಿರುವ ಆ ಜೇಡಿಪದರ ನೀರನ್ನು ಕೆಳಗೆ ಬಿಡುವುದಿಲ್ಲ.

ಬಿಡುವುದು ಮರಳುಗಲ್ಲು. ಇದ್ದಲಿನ ಗೋಡೆಗೆ ಕೈಯಿಟ್ಟರೆ ಹೆಚ್ಚುಕಡಿಮೆ ಒಣಗಿತ್ತು, ತಲೆಯ ಮೇಲಿನ ಕಲ್ಲು ಮಾತ್ರ ಬೆವರುತ್ತಿತ್ತು. ಚಾವಣಿಯನ್ನು ಬಿಗಿದ ಬೋಲ್ಟಿನ ತುದಿಯಲ್ಲಿ ಒಂದು ಹನಿ ಊದಿಕೊಂಡು, ತೂಗಿ, ಬಿತ್ತು. ಅದರ ಹಿಂದೆಯೇ ಇನ್ನೊಂದು. ಮರಳಿನ ಕಣಗಳ ಸಂದಿನಲ್ಲಿ ಕೂತ ನೀರಿಗೆ ಬೋಲ್ಟಿಗಾಗಿ ಕೊರೆದ ತೂತೇ ದಾರಿಯಾಗಿದೆ.

ಮೊದಲು ಚಾವಣಿಗೆ ಆಸರೆಯಾಗಿ ಇದ್ದಲಿನದೇ ಕಂಬಗಳನ್ನು ಬಿಟ್ಟು ಇದ್ದಲು ತೆಗೆಯುತ್ತಾರೆ. ಆಮೇಲೆ ಕಂಬಗಳನ್ನೂ ತೆಗೆದಾಗ ಚಾವಣಿ ಕುಸಿಯುತ್ತದೆ, ಬಿರುಕು ಮೇಲೆ ಮೇಲೆ ಏರುತ್ತದೆ. ನಡುವೆ ದಪ್ಪ ಜೇಡಿಪದರವಿದ್ದರೆ ಬಿರುಕು ಅಲ್ಲಿಗೆ ನಿಲ್ಲಬಹುದು. ಇಲ್ಲವಾದರೆ ಮೇಲಿನ ಮರಳುಗಲ್ಲಿನ ನೀರು ಜರಡಿಯಲ್ಲಿ ಇಳಿದಂತೆ ಇಳಿಯುತ್ತದೆ. ಮೇಲಿನ ನೆಲ ಕುಸಿಯದಿರಲೆಂದು ಕೆಲವು ಕಡೆ ಗೋದಾವರಿಯ ಮರಳನ್ನು ನೀರಿನಲ್ಲಿ ಕಲಸಿ ಪೈಪಿನಲ್ಲಿ ಬಿಟ್ಟು ಖಾಲಿ ಜಾಗ ತುಂಬಿದ್ದಾರೆ. ಮರಳು ಅಲ್ಲೇ ಕೂರುತ್ತದೆ, ನೀರು ಬಸಿದು ತಗ್ಗಿಗೆ ಹರಿಯುತ್ತದೆ.

ಆ ತಗ್ಗಿಗೆ ಸಂಪ್ ಎಂದು ಹೆಸರು. ಗಣಿಯ ಎಲ್ಲ ಮೋರಿಗಳೂ ಅಲ್ಲಿಗೇ ಬಂದು ಸೇರುತ್ತವೆ. ಪಂಪಿನ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಇದ್ದಲು ಕಡಿಯುವುದು ಒಂದು ಪಾಳಿ ನಿಂತರೂ ನಡೆಯುತ್ತದೆ, ಪಂಪು ನಿಲ್ಲುವಂತಿಲ್ಲ. ಒಂದು ಟನ್ ಇದ್ದಲಿಗೆ ಹಲವು ಟನ್ ನೀರು ಎತ್ತುವ ಗಣಿಗಳೂ ಉಂಟು.

ಇಷ್ಟು ನೀರು ಎಲ್ಲಿಂದ ಬಂತು? ಪಕ್ಕದ ಹೊಲದವರು ಆಳದ ಬೋರ್ ಹಾಕಿಸಿದಾಗ ನಮ್ಮ ತೆರೆದ ಬಾವಿ ಏನಾಗುತ್ತದೆಂದು ಕನ್ನಡನಾಡಿನ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಗಣಿಯೂ ಅಂಥದೇ ಬೋರು, ಅಗಲ ಮಾತ್ರ ಮೈಲಿಗಟ್ಟಲೆ. ಅದರ ಸುತ್ತ ಅಂತರ್ಜಲದ ಮಟ್ಟ ಆಲಿಕೆಯಂತೆ ಬಾಗುತ್ತದೆ. ಆಲಿಕೆಯ ಒಳಗೆ ಸಿಕ್ಕ ಊರುಗಳ ಬಾವಿ ಇಳಿಯುತ್ತದೆ. ಜೇಡಿಪದರ ಗಟ್ಟಿಯಾಗಿ ಕಾಪಾಡಿದಲ್ಲಿ ಮೇಲಿನ ಬಾವಿಗೆ ಏನೂ ಆಗದೆಯೂ ಇರಬಹುದು. ಅದಕ್ಕೇ ಗಣಿಯ ಸುತ್ತ ಕೊಳವೆ ಇಳಿಸಿ ನೀರಿನ ಮಟ್ಟ ಅಳೆಯುತ್ತಾರೆ.

ಪಂಪು ನಿಂತ ಹಳೆಯ ಗಣಿ ಇನ್ನೂ ಅಪಾಯದ್ದು. ಆಲಿಕೆ ಮೆಲ್ಲಗೆ ತುಂಬಿಕೊಳ್ಳುತ್ತದೆ, ಕತ್ತಲಲ್ಲಿ ಕೆರೆಯೊಂದು ಹುಟ್ಟುತ್ತದೆ. ಧನಬಾದ್ ಬಳಿಯ ಚಾಸ್ನಾಲಾದಲ್ಲಿ 1975ರ ಡಿಸೆಂಬರ್ 27ರಂದು ಅಂಥ ನೀರು ನುಗ್ಗಿ 375 ಮಂದಿ ಸತ್ತರು. ಇದೇ ಗೋದಾವರಿಖನಿಯಲ್ಲಿ 2003ರ ಜೂನ್‌ನಲ್ಲಿ ಗಣಿಗೆ ನೀರು ನುಗ್ಗಿ 17 ಮಂದಿ ಹೋದರು. ನೀರು ನಿಂತ ಹಳೆಯ ಗಣಿಯಿಂದ 60 ಮೀಟರ್ ಒಳಗೆ ಅನುಮತಿಯಿಲ್ಲದೆ ಕಡಿಯಬಾರದೆಂಬ ನಿಯಮವಿದೆ. ಅನುಮತಿ ಸಿಕ್ಕರೂ ಮೊದಲು ತೂತು ಕೊರೆದು ನೋಡಿಯೇ ಮುಂದಿನ ಹೆಜ್ಜೆ.

“ಬೆಂಕಿ, ಗ್ಯಾಸು, ಕುಸಿತ, ಇವುಗಳಲ್ಲಿ ನಿಮಗೆ ಯಾವುದರ ಭಯ ಹೆಚ್ಚು?” ಎಂದು ಕೇಳಿದೆ. ಓವರ್‌ಮನ್ ಉತ್ತರ ಕೊಡದೆ ಕೋಲಿನ ತುದಿಯಿಂದ ಮೋರಿಯನ್ನು ತೋರಿಸಿದರು.

ಮೇಲೆ ಬಂದಾಗ ಬಿಸಿಲು ಕಣ್ಣಿಗೆ ಚುಚ್ಚಿತು. ಅಂಗಳದಾಚೆ ದಪ್ಪ ಪೈಪಿನ ಬಾಯಿಂದ ನೀರು ಧುಮುಕುತ್ತಿತ್ತು. ನಮ್ಮ ದೇಶದ ಗೊಂಡ್ವಾನ ಇದ್ದಲಿನಲ್ಲಿ ಗಂಧಕ ಕಡಿಮೆ. ಹಾಗಾಗಿ ಗಣಿನೀರು ಸಾಮಾನ್ಯವಾಗಿ ಹುಳಿಯಾಗುವುದಿಲ್ಲ, ಗಡಸಾಗಿರುತ್ತದೆ ಅಷ್ಟೆ. ಕಪ್ಪು ಪುಡಿ ತಳದಲ್ಲಿ ಕೂರಲು ಬಿಟ್ಟರೆ ಹೊಲಕ್ಕೆ ಆಗುತ್ತದೆ, ಚೆನ್ನಾಗಿ ಶುದ್ಧಮಾಡಿದರೆ ಮನೆಗೂ ಆಗುತ್ತದೆ. ಕಾಲುವೆಯಲ್ಲಿ ಎರಡು ಎಮ್ಮೆಗಳು ಕುತ್ತಿಗೆವರೆಗೆ ಮುಳುಗಿ ಕಣ್ಣುಮುಚ್ಚಿದ್ದವು. ನಾನೂ ಬೊಗಸೆಯೊಡ್ಡಿದೆ. ನೀರು ತುಸು ಬೆಚ್ಚಗಿತ್ತು. ಬೆರಳ ಸಂದಿನಲ್ಲಿ ಸೋರಿಹೋದ ಮೇಲೆ ಅಂಗೈಗೆರೆಗಳಲ್ಲಿ ಕಪ್ಪು ಉಳಿಯಿತು.